ಕ್ಯಾಲಿಪ್ಟಿ ಕುಲದ ಎರಡು ಹಮ್ಮಿಂಗ್‌ಬರ್ಡ್‌ಗಳು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ವಾಸವಾಗಿದ್ದೇವೆ. ಡಿಸೆಂಬರಿನ ಚಳಿಯಲ್ಲೂ ನಮ್ಮ ಹಿತ್ತಲಿಗೆ ಒಂದು ಹಮ್ಮಿಂಗ್‌ಬರ್ಡ್ ತಪ್ಪದೆ ಬರುತ್ತದೆ. ಅದರ ತಲೆ ಮತ್ತು ಗಂಟಲು ಎರಡೂ ಗುಲಾಬಿಗೆಂಪಾಗಿ ಹೊಳೆಯುತ್ತವೆ. ಪಾಮ್ ಸ್ಪ್ರಿಂಗ್ಸ್ ಬಳಿ ಇರುವ ನನ್ನ ತಮ್ಮ ಕಳಿಸಿದ ಫೋಟೋದಲ್ಲಿ ಹೆಚ್ಚುಕಡಿಮೆ ಅಂಥದೇ ಹಕ್ಕಿ ನೇರಳೆ ಬಣ್ಣದ್ದಾಗಿದ್ದು, ಗಂಟಲಿನ ಗರಿಗಳು ಎರಡೂ ಕಡೆ ಮೀಸೆಯಂತೆ ಚಾಚಿಕೊಂಡಿವೆ. ಇವೆರಡೂ ಒಂದೇ ಹಕ್ಕಿಯೇ? ಚಳಿಗಾಲಕ್ಕೆ ಇವು ದಕ್ಷಿಣಕ್ಕೆ ವಲಸೆ ಹೋಗಬೇಕಲ್ಲವೇ, ನಾವು ಸಕ್ಕರೆ ನೀರು ಇಡುವುದರಿಂದ ಇಲ್ಲೇ ಉಳಿದುಬಿಟ್ಟಿವೆಯೇ? ಸಕ್ಕರೆಗಿಂತ ಬೆಲ್ಲ ಅಥವಾ ಜೇನುತುಪ್ಪ ಒಳ್ಳೆಯದಲ್ಲವೇ? ಮೈಸೂರಿನಲ್ಲಿರುವ ನಮ್ಮ ಅತ್ತೆಯವರು ತಮ್ಮ ದಾಸವಾಳದ ಗಿಡಕ್ಕೂ ಇದೇ ಹಕ್ಕಿ ಬರುತ್ತದೆ ಎನ್ನುತ್ತಾರೆ. ಅದು ನಿಜವೇ?

ಉತ್ತರ: ನಿಮ್ಮ ಹಿತ್ತಲಿನ ಹಕ್ಕಿ ಮತ್ತು ನಿಮ್ಮ ತಮ್ಮನವರ ಫೋಟೋದ ಹಕ್ಕಿ ಬೇರೆ ಬೇರೆ ಪ್ರಭೇದಗಳು, ಆದರೆ ಒಂದೇ ಕುಲಕ್ಕೆ ಸೇರಿದವು. ಆ ಕುಲದ ಹೆಸರು ಕ್ಯಾಲಿಪ್ಟಿ. ಈಗಿನ ವರ್ಗೀಕರಣದಂತೆ ಇದರಲ್ಲಿರುವುದು ಎರಡೇ ಪ್ರಭೇದಗಳು: ನೀವು ನೋಡುತ್ತಿರುವ ಆನಾಸ್ ಹಮ್ಮಿಂಗ್‌ಬರ್ಡ್ ಮತ್ತು ಪಾಮ್ ಸ್ಪ್ರಿಂಗ್ಸಿನ ಕೋಸ್ಟಾಸ್ ಹಮ್ಮಿಂಗ್‌ಬರ್ಡ್. ಮುಂದೆ ಇವನ್ನು ಆನಾ ಮತ್ತು ಕೋಸ್ಟಾ ಎಂದಷ್ಟೇ ಕರೆಯುತ್ತೇನೆ. ಗರಿಗಳ ಬಣ್ಣದಿಂದ ಇವೆರಡನ್ನು ಪ್ರತ್ಯೇಕಿಸುವುದು ಕಷ್ಟವಲ್ಲ. ಆದರೆ ಅವುಗಳ ನಡುವಿನ ನಿಜವಾದ ಅಂತರವಿರುವುದು ವರ್ಷದ ಯಾವ ತಿಂಗಳಲ್ಲಿ ಯಾವ ಹೂವನ್ನು ನಂಬಿ ಮರಿ ಮಾಡುತ್ತವೆ ಎಂಬುದರಲ್ಲಿ. ನಿಮ್ಮ ಡಿಸೆಂಬರಿನ ಪ್ರಶ್ನೆಗೂ ಉತ್ತರ ಅಲ್ಲಿಯೇ ಸಿಗುತ್ತದೆ.

ಮೊದಲು ಗುರುತಿನ ವಿಷಯ. ಎರಡೂ ಪ್ರಭೇದಗಳ ಬಲಿತ ಗಂಡಿಗೆ ಗಂಟಲಿನಲ್ಲಿ ಮಾತ್ರವಲ್ಲದೆ ನೆತ್ತಿಯ ಮೇಲೂ ಹೊಳೆಯುವ ಗರಿಗಳಿರುತ್ತವೆ, ಮತ್ತು ಇದೇ ಈ ಕುಲದ ಎದ್ದುಕಾಣುವ ಲಕ್ಷಣ. ಆನಾದಲ್ಲಿ ಈ ಬಣ್ಣ ಗುಲಾಬಿಗೆಂಪು, ಕೋಸ್ಟಾದಲ್ಲಿ ಕಡು ನೇರಳೆ. ಗಂಟಲ ಪಟ್ಟಿಯ ಅಂಚಿನ ಗರಿಗಳು ಆನಾದಲ್ಲಿ ಸ್ವಲ್ಪ ಮಾತ್ರ ಉದ್ದವಾಗಿದ್ದರೆ, ಕೋಸ್ಟಾದಲ್ಲಿ ಅವು ಕತ್ತಿನ ಇಕ್ಕೆಲಗಳಲ್ಲಿ ದೂರಕ್ಕೆ ಚಾಚಿ ನೀವು ಹೇಳಿದ ಮೀಸೆಯ ಆಕಾರ ಪಡೆಯುತ್ತವೆ. ಆನಾ ಸುಮಾರು 10 ಸೆಂ.ಮೀ. ಉದ್ದ, 3ರಿಂದ 6 ಗ್ರಾಂ ತೂಕದ ಹಕ್ಕಿ. ಕೋಸ್ಟಾ ಅದಕ್ಕಿಂತ ಕೊಂಚ ಗಿಡ್ಡ, ತೂಕ ಸುಮಾರು 3 ಗ್ರಾಂ.

ಈ ಕೆಂಪು ಮತ್ತು ನೇರಳೆ ಕೆಲವೊಮ್ಮೆ ಪೂರ್ತಿ ಮಾಯವಾಗಿ ಹಕ್ಕಿಯ ತಲೆ ಕಪ್ಪಾಗಿ ಕಾಣುವುದನ್ನು ನೀವು ಗಮನಿಸಿರಬಹುದು. ಆ ಗರಿಗಳಲ್ಲಿ ಕೆಂಪು ಅಥವಾ ನೇರಳೆ ವರ್ಣದ್ರವ್ಯವೇ ಇಲ್ಲ. ಗರಿಯ ಅತಿ ಸೂಕ್ಷ್ಮ ಎಳೆಗಳ ಒಳಗೆ, ನಡುವೆ ಗಾಳಿ ತುಂಬಿದ ಚಪ್ಪಟೆಯಾದ ಮೆಲನಿನ್ ಬಿಲ್ಲೆಗಳು ಪದರ ಪದರವಾಗಿ ಜೋಡಣೆಗೊಂಡಿರುತ್ತವೆ. ಅವುಗಳ ದಪ್ಪ ಮತ್ತು ಅಂತರಕ್ಕೆ ತಕ್ಕಂತೆ ಬೆಳಕಿನ ಒಂದು ಬಣ್ಣ ಮಾತ್ರ ಬಲವಾಗಿ ಪ್ರತಿಫಲಿಸುತ್ತದೆ, ಅದೂ ಒಂದು ನಿರ್ದಿಷ್ಟ ಕೋನದಲ್ಲಿ. ಆದ್ದರಿಂದ ಹಕ್ಕಿ ಕತ್ತನ್ನು ಒಂದಿಷ್ಟು ಹೊರಳಿಸಿದರೂ ಬಣ್ಣ ಹತ್ತಿ ಆರುತ್ತದೆ. ಫೋಟೋದಲ್ಲಿ ಬಣ್ಣ ಸಿಗದಿದ್ದರೆ ಗಂಟಲ ಪಟ್ಟಿಯ ಆಕಾರವನ್ನೇ ನಂಬಬೇಕು.

ಹೆಣ್ಣುಗಳನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಎರಡರಲ್ಲೂ ಬೆನ್ನು ಹಸಿರು, ಹೊಟ್ಟೆ ಮಾಸಲು. ಆನಾ ಹೆಣ್ಣಿನ ಎದೆ ಹೆಚ್ಚು ಬೂದು ಬಣ್ಣದ್ದು, ಗಂಟಲ ನಡುವೆ ಹಲವು ಬಾರಿ ಕೆಂಪು ಗರಿಗಳ ಸಣ್ಣ ಚುಕ್ಕೆಯಿರುತ್ತದೆ. ಕೋಸ್ಟಾ ಹೆಣ್ಣಿನ ಅಡಿಭಾಗ ಹೆಚ್ಚು ಬಿಳುಪು, ಗಂಟಲು ಸಾಮಾನ್ಯವಾಗಿ ಚೊಕ್ಕಟ. ನಾನು ಇದಕ್ಕಿಂತ ಹೆಚ್ಚು ನೆಚ್ಚುವ ಗುರುತು ಬಾಲದ್ದು. ಹಕ್ಕಿ ರೆಂಬೆಯ ಮೇಲೆ ಕುಳಿತಾಗ ಆನಾದ ಬಾಲ ಮಡಿಸಿದ ರೆಕ್ಕೆಯ ತುದಿಯನ್ನು ದಾಟಿ ಕೆಳಗಿಳಿದಿರುತ್ತದೆ. ಕೋಸ್ಟಾದ ಬಾಲ ಚಿಕ್ಕದು, ರೆಕ್ಕೆಯ ತುದಿ ಬಾಲದ ತುದಿಯವರೆಗೆ ಬರುತ್ತದೆ ಅಥವಾ ಅದನ್ನೂ ಮೀರುತ್ತದೆ. ಎರಡು ಪ್ರಭೇದಗಳ ಮಿಶ್ರತಳಿಗಳೂ ದಾಖಲಾಗಿರುವುದರಿಂದ, ಎರಡೂ ಸಿಗುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಗುರುತನ್ನು ಹಿಡಿದು ತೀರ್ಮಾನಿಸುವುದು ಸರಿಯಲ್ಲ. ಫ್ರೀಮಾಂಟಿನಲ್ಲಿ ನಿಮಗೆ ಆ ಗೊಂದಲ ಬಹುತೇಕ ಬರುವುದಿಲ್ಲ, ಏಕೆಂದರೆ ಅಲ್ಲಿ ವರ್ಷವಿಡೀ ಇರುವುದು ಆನಾ. ಜನವರಿಯ ಕೊನೆಯಿಂದ ಇಟ್ಟಿಗೆಗೆಂಪು ಮೈಯ ಹಕ್ಕಿಯೊಂದು ಕಾಣಿಸತೊಡಗಿದರೆ ಅದು ಸೆಲಾಸ್ಫೊರಸ್ ಎಂಬ ಬೇರೆ ಕುಲದ ವಲಸಿಗ.

ಹೆಸರುಗಳ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಫ್ರೆಂಚ್ ವಿಜ್ಞಾನಿ ರೆನೆ ಪ್ರಿಮೆವೇರ್ ಲೆಸನ್ 1829ರಲ್ಲಿ ಮೊದಲನೆಯದನ್ನು ವರ್ಣಿಸಿ, ರಿವೋಲಿಯ ಡಚೆಸ್ ಆಗಿದ್ದ ಆನಾ ಮಸೇನಾ ಅವರ ಹೆಸರಿಟ್ಟರು. ಆಕೆಯ ಪತಿ ಹಕ್ಕಿಗಳ ಮಾದರಿಗಳ ಬಹುದೊಡ್ಡ ಸಂಗ್ರಹವನ್ನು ಹೊಂದಿದ್ದರು. ಹತ್ತು ವರ್ಷಗಳ ನಂತರ, 1839ರಲ್ಲಿ, ಜೂಲ್ ಬೂರ್ಸಿಯೆ ಎರಡನೆಯದನ್ನು ವರ್ಣಿಸಿ ಮಾರ್ಕ್ವಿಸ್ ಕೋಸ್ಟಾ ದ ಬೋರ್ಗಾರ್ ಎಂಬ ಸಂಗ್ರಾಹಕರ ಹೆಸರು ಕೊಟ್ಟರು. ಕ್ಯಾಲಿಪ್ಟಿ ಎಂಬ ಕುಲವನ್ನು 1856ರಲ್ಲಿ ಸ್ಥಾಪಿಸಿದವರು ಇಂಗ್ಲೆಂಡಿನ ಜಾನ್ ಗೂಲ್ಡ್. ಒಂದು ಕಾಲದಲ್ಲಿ ಕ್ಯೂಬಾದ ಬೀ ಹಮ್ಮಿಂಗ್‌ಬರ್ಡನ್ನೂ, ಅಂದರೆ ಜಗತ್ತಿನ ಅತ್ಯಂತ ಚಿಕ್ಕ ಹಕ್ಕಿಯನ್ನೂ, ಗಂಡಿನ ನೆತ್ತಿ ಮತ್ತು ಗಂಟಲು ಒಟ್ಟಿಗೆ ಕೆಂಪಾಗಿ ಹೊಳೆಯುತ್ತವೆಂದು ಇದೇ ಕುಲದಲ್ಲಿ ಇಟ್ಟಿದ್ದುಂಟು. ಈಗ ಅದು ಮೆಲಿಸುಗಾ ಕುಲದಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಕ್ಯಾಲಿಪ್ಟಿ ಕುಲಕ್ಕೆ ಮೂರು ಪ್ರಭೇದಗಳು ಎಂದಿದ್ದರೆ ಗೊಂದಲ ಬೇಡ.

ಈಗ ಡಿಸೆಂಬರಿನ ಪ್ರಶ್ನೆ. ಹಮ್ಮಿಂಗ್‌ಬರ್ಡ್ ಎಂದರೆ ಚಳಿಗೆ ಓಡಿಹೋಗುವ ಹಕ್ಕಿ ಎಂಬ ಕಲ್ಪನೆ ಅಮೆರಿಕದ ಪೂರ್ವ ರಾಜ್ಯಗಳಿಂದ ಬಂದದ್ದು. ಅಲ್ಲಿ ಗೂಡು ಕಟ್ಟುವ ರೂಬಿ ಗಂಟಲಿನ ಪ್ರಭೇದ ಹಾಗೆ ಹೋಗುವುದು ನಿಜ. ಕ್ಯಾಲಿಫೋರ್ನಿಯಾದ ಕರಾವಳಿಯ ಹವೆ ಅದಕ್ಕೆ ತದ್ವಿರುದ್ಧ. ಇಲ್ಲಿ ಬೇಸಿಗೆಯೇ ಒಣಗಾಲ, ಮಳೆ ಬೀಳುವುದು ಚಳಿಗಾಲದಲ್ಲಿ. ಮೊದಲ ಮಳೆಗಳಾದ ಮೇಲೆ ಮ್ಯಾಂಜನೀಟಾ ಎಂಬ ಪೊದೆಯೂ, ಕಾಡು ಗೂಸ್‌ಬೆರಿ ಮತ್ತು ಕರಂಟ್ ಗಿಡಗಳೂ ಹೂಬಿಡತೊಡಗುತ್ತವೆ, ಆನಾ ತನ್ನ ಸಂತಾನಕಾಲವನ್ನು ಸಾವಿರಾರು ವರ್ಷಗಳಿಂದ ಈ ಹೂಗಳಿಗೆ ಹೊಂದಿಸಿಕೊಂಡಿದೆ. ನವೆಂಬರ್, ಡಿಸೆಂಬರಿನಲ್ಲಿಯೇ ಗಂಡುಗಳು ತಮ್ಮ ತಾಣಗಳಿಗಾಗಿ ಜಗಳವಾಡುತ್ತವೆ, ಹೆಣ್ಣುಗಳು ಗೂಡು ಕಟ್ಟಲು ಆರಂಭಿಸುತ್ತವೆ. ಆದ್ದರಿಂದ ನಿಮ್ಮ ಹಕ್ಕಿ ಸಕ್ಕರೆ ನೀರಿನ ಆಸೆಗೆ ವಲಸೆ ಮರೆತು ಉಳಿದದ್ದಲ್ಲ, ಅದರ ಸಂಸಾರದ ಕಾಲವೇ ಅದು.

ಗೂಡು ಕಟ್ಟುವುದು, ಕಾವು ಕೊಡುವುದು, ಮರಿ ಸಾಕುವುದು ಎಲ್ಲವೂ ಹೆಣ್ಣಿನ ಕೆಲಸ. ಗಂಡು ಇದರಲ್ಲಿ ಪಾಲುಗೊಳ್ಳುವುದಿಲ್ಲ. ಹೆಣ್ಣು ಜೇಡರ ಬಲೆಯ ನೂಲನ್ನು ಕೊಕ್ಕಿನಲ್ಲಿ ತಂದು ಅಡ್ಡರೆಂಬೆಗೆ ಅಂಟಿಸುತ್ತದೆ. ಗಿಡಗಳ ಹತ್ತಿಯಂಥ ನವಿರನ್ನು ಅದರ ಮೇಲೆ ಒತ್ತಿ, ತಳ ಸಿದ್ಧವಾದ ಮೇಲೆ ತಾನೇ ಅದರೊಳಗೆ ಕುಳಿತು ಮೈಯನ್ನು ತಿರುಗಿಸುತ್ತ ಸುತ್ತಲೂ ಅಂಚನ್ನು ಏರಿಸುತ್ತದೆ. ಹೊರಮೈಗೆ ಕಲ್ಲುಹೂವಿನ ಚೂರುಗಳನ್ನು ಹಚ್ಚುವುದರಿಂದ ಗೂಡು ರೆಂಬೆಯ ಮೇಲಿನ ಗಂಟೆಂದೇ ತೋರುತ್ತದೆ. ಮೊಟ್ಟೆ ಇಟ್ಟ ಮೇಲೂ ಈ ಹೊದಿಕೆಯ ಕೆಲಸ ಮುಂದುವರಿಯುವುದುಂಟು. ಸುಮಾರು 4 ಸೆಂ.ಮೀ. ಅಗಲದ ಆ ಬಟ್ಟಲಿನಲ್ಲಿ ಎರಡು ಬಿಳಿ ಮೊಟ್ಟೆಗಳು. ಎರಡು ವಾರಗಳಿಗಿಂತ ಒಂದಿಷ್ಟು ಹೆಚ್ಚು ಕಾಲ ಕಾವು, ಆಮೇಲೆ ಮರಿಗಳು ಹಾರಲು ಸುಮಾರು ಮೂರು ವಾರ. ಜೇಡರ ನೂಲು ಹಿಗ್ಗುವ ಗುಣದ್ದಾದ್ದರಿಂದ ಮರಿಗಳು ಬೆಳೆದಂತೆ ಗೂಡೂ ಅಗಲವಾಗುತ್ತದೆ. ಮರಿಗಳ ಆಹಾರದಲ್ಲಿ ಮಕರಂದದಷ್ಟೇ ಮುಖ್ಯವಾದುದು ಸಣ್ಣ ನೊಣಗಳು ಮತ್ತು ಜೇಡಗಳು, ಇದನ್ನು ಜನ ಮರೆಯುತ್ತಾರೆ. ಹಿತ್ತಲಿಗೆ ಕೀಟನಾಶಕ ಸಿಂಪಡಿಸಿ ಪಕ್ಕದಲ್ಲಿ ಸಕ್ಕರೆ ನೀರು ತೂಗುಹಾಕಿದರೆ, ಆ ತಾಯಿಗೆ ಮರಿ ಬೆಳೆಸುವ ಪ್ರೋಟೀನನ್ನು ಕಿತ್ತುಕೊಂಡು ಬರಿಯ ಶಕ್ತಿಯನ್ನಷ್ಟೇ ಕೊಟ್ಟಂತಾಗುತ್ತದೆ.

ಕೋಸ್ಟಾದ ಬದುಕು ಮರುಭೂಮಿಯದು. ಸೊನೋರಾ ಮತ್ತು ಮೊಹಾವಿ ಮರುಭೂಮಿಗಳ ಒಣಹಳ್ಳಗಳ ಅಂಚಿನಲ್ಲಿ ಚುಪರೋಸಾ ಎಂಬ ಪೊದೆ ಬೆಳೆಯುತ್ತದೆ. ನಮ್ಮ ಕನಕಾಂಬರ ಮತ್ತು ಆಡುಸೋಗೆಗಳ ಕುಟುಂಬಕ್ಕೆ ಸೇರಿದ ಗಿಡವದು. ಕೊಳವೆಯಾಕಾರದ ಕೆಂಪು ಹೂಗಳನ್ನು ಚಳಿಗಾಲದಿಂದಲೇ ಬಿಡುತ್ತದೆ. ಅದರ ನಂತರ ಒಕೊಟಿಯೊ ಎಂಬ ಮುಳ್ಳುಗಿಡದ ತುದಿಗಳಲ್ಲಿ ಕೆಂಪು ಗೊಂಚಲುಗಳು ಅರಳುತ್ತವೆ. ಕೋಸ್ಟಾ ಈ ಅಲ್ಪಾವಧಿಯಲ್ಲಿ, ಚಳಿಗಾಲದ ಕೊನೆ ಮತ್ತು ವಸಂತದಲ್ಲಿ, ಮರುಭೂಮಿಯಲ್ಲಿ ಮರಿ ಮಾಡಿ ಮುಗಿಸುತ್ತದೆ. ಬಿಸಿಲು ತಾಳಲಾರದಷ್ಟಾಗುವ ಹೊತ್ತಿಗೆ ಬಹಳಷ್ಟು ಹಕ್ಕಿಗಳು ಅಲ್ಲಿಂದ ಹೊರಟು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಬಾಹಾ ಕ್ಯಾಲಿಫೋರ್ನಿಯಾದ ಕರಾವಳಿಯ ಕುರುಚಲು ಕಾಡುಗಳತ್ತ ಸಾಗುತ್ತವೆ. ಪಾಮ್ ಸ್ಪ್ರಿಂಗ್ಸಿನಂಥ ಊರುಗಳಲ್ಲಿ ನೀರುಣಿಸಿದ ತೋಟಗಳಿರುವುದರಿಂದ ಕೆಲವು ವರ್ಷವಿಡೀ ಉಳಿಯುತ್ತವೆ. ನಿಮ್ಮ ತಮ್ಮನವರಿಗೆ ಬೇಸಿಗೆಯಲ್ಲೂ ಅದು ಕಂಡರೆ ಆಶ್ಚರ್ಯಪಡಬೇಕಿಲ್ಲ.

ಮರುಭೂಮಿಯ ರಾತ್ರಿಗಳು ಕೊರೆಯುವಷ್ಟು ತಣ್ಣಗಿರುತ್ತವೆ, ಮೂರು ಗ್ರಾಂ ಮೈಯಲ್ಲಿ ಇಡೀ ರಾತ್ರಿ ಉರಿಸುವಷ್ಟು ಇಂಧನ ಹಿಡಿಯುವುದಿಲ್ಲ. ಎರಡೂ ಪ್ರಭೇದಗಳು ಇದಕ್ಕೆ ಕಂಡುಕೊಂಡ ಉಪಾಯ ಟಾರ್ಪರ್ ಎಂಬ ಜಡಸ್ಥಿತಿ. ಹಕ್ಕಿ ತನ್ನ ಮೈಯ ಉಷ್ಣತೆಯನ್ನು ಸುತ್ತಲಿನ ಗಾಳಿಯ ಮಟ್ಟದತ್ತ ಇಳಿಯಗೊಟ್ಟು ಉಸಿರು, ಎದೆಬಡಿತ ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಎಚ್ಚರದಲ್ಲಿದ್ದು ವಿಶ್ರಾಂತಿ ಪಡೆಯುವ ಕೋಸ್ಟಾದ ಹೃದಯ ನಿಮಿಷಕ್ಕೆ 500ರಿಂದ 900 ಬಾರಿ ಬಡಿದರೆ, ಜಡಸ್ಥಿತಿಯಲ್ಲಿ ಅದು ಸುಮಾರು 50ಕ್ಕೆ ಇಳಿಯುತ್ತದೆ. ನಸುಕಿನಲ್ಲಿ ರೆಂಬೆಯ ಮೇಲೆ ಗರಿ ಉಬ್ಬಿಸಿಕೊಂಡು ಕದಲದೆ ಕುಳಿತ ಹಕ್ಕಿ ಕಂಡರೆ ಸತ್ತಿದೆಯೆಂದೋ ಕಾಯಿಲೆಯೆಂದೋ ಕೈಗೆತ್ತಿಕೊಳ್ಳಬೇಡಿ. ಅದು ತಾನಾಗಿಯೇ ಮೈ ಬಿಸಿಮಾಡಿಕೊಂಡು ಹಾರಿಹೋಗುತ್ತದೆ.

ನೀವು ಕೇಳದಿದ್ದರೂ ಈ ಕುಲದ ಬಗ್ಗೆ ಬರೆಯುವಾಗ ಬಿಡಲಾಗದ ಒಂದು ವಿಷಯವಿದೆ: ಗಂಡುಗಳ ಧುಮುಕು ಹಾರಾಟ. ಡಿಸೆಂಬರಿನಿಂದ ವಸಂತದವರೆಗೆ ನಿಮ್ಮ ಹಿತ್ತಲಿನಲ್ಲೇ ನೋಡಬಹುದಾದ್ದರಿಂದ ವಿವರವಾಗಿ ಹೇಳುತ್ತೇನೆ. ಆನಾ ಗಂಡು ಪೊದೆಯಲ್ಲಿ ಕುಳಿತ ಹೆಣ್ಣಿನ ಎದುರು ಗಾಳಿಯಲ್ಲಿ ನಿಂತು ಒಂದೆರಡು ಸ್ವರ ಹಾಡಿ, ನೇರವಾಗಿ ಮೇಲೇರುತ್ತದೆ. ಮೂವತ್ತು ಮೀಟರ್‌ಗಳಷ್ಟು ಎತ್ತರದಲ್ಲಿ ಅದು ಕಣ್ಣಿಗೆ ಚುಕ್ಕೆಯಷ್ಟೇ. ಅಲ್ಲಿಂದ ತಲೆಕೆಳಗಾಗಿ ಧುಮುಕಿ, ಹೆಣ್ಣಿನ ಹತ್ತಿರ ಬಂದೊಡನೆ ರೆಕ್ಕೆ ಬಿಚ್ಚಿ ಕಮಾನಿನಲ್ಲಿ ಮೇಲಕ್ಕೆ ತಿರುಗುತ್ತದೆ; ಆ ತಿರುವಿನಲ್ಲಿ ಒಂದು ಗಟ್ಟಿಯಾದ, ಚೂಪಾದ ‘ಚಿರ್ಪ್’ ಕೇಳಿಸುತ್ತದೆ. ಬಿಸಿಲಿರುವ ದಿನ ಅದು ಸೂರ್ಯನಿಗೆ ಮುಖ ಮಾಡಿಯೇ ಧುಮುಕುವುದರಿಂದ, ಕೆಳಗಿನಿಂದ ನೋಡುವ ಹೆಣ್ಣಿಗೆ ತಲೆ ಮತ್ತು ಗಂಟಲಿನ ಕೆಂಪು ಪೂರ್ಣ ಪ್ರಖರತೆಯಲ್ಲಿ ಕಾಣುತ್ತದೆ.

ಆ ಸದ್ದು ಗಂಟಲಿನದೇ ಬಾಲದ್ದೇ ಎಂಬ ವಾದ ಬಹುಕಾಲ ನಡೆದಿತ್ತು. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಟೆರೆಸಾ ಫಿಯೋ 2008ರಲ್ಲಿ ಇದನ್ನು ಬಗೆಹರಿಸಿದರು. ಬಾಲದ ಅಂಚಿನ ಗರಿಗಳನ್ನು ತೆಗೆದಾಗ ಗಂಡುಗಳು ಧುಮುಕಿದರೂ ಸದ್ದು ಬರಲಿಲ್ಲ; ಆ ಗರಿಯನ್ನೇ ಪ್ರಯೋಗಾಲಯದಲ್ಲಿ ಧುಮುಕುವ ವೇಗದ ಗಾಳಿಗೆ ಒಡ್ಡಿದಾಗ ಅದೇ ಸ್ವರ ಹೊರಟಿತು. ವೇಗದ ಕ್ಯಾಮೆರಾ ತೋರಿಸಿದಂತೆ ಹಕ್ಕಿ ಬಾಲವನ್ನು ಬಿಚ್ಚುವುದು ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಕಾಲ ಮಾತ್ರ, ಆ ಕ್ಷಣದಲ್ಲಿ ಅಂಚಿನ ಗರಿಯ ಹಿಂಬದಿ ಕಂಪಿಸಿ ಸದ್ದು ಹುಟ್ಟುತ್ತದೆ. ಕ್ಲಾರ್ಕ್ ಅವರ 2009ರ ಅಳತೆಯಂತೆ ಧುಮುಕುವ ವೇಗ ಸೆಕೆಂಡಿಗೆ 27 ಮೀಟರ್ ಮೀರುತ್ತದೆ, ಅಂದರೆ ತನ್ನ ಮೈಯುದ್ದದ 385 ಪಟ್ಟು. ಮೈಯುದ್ದದ ಲೆಕ್ಕದಲ್ಲಿ ಬೇಟೆಗೆರಗುವ ಪೆರೆಗ್ರಿನ್ ಫಾಲ್ಕನ್ ಕೂಡ ಇದರ ಹಿಂದೆಯೇ. ಮೇಲಕ್ಕೆ ತಿರುಗುವಾಗ ಅದರ ಮೈ ಗುರುತ್ವದ ಸುಮಾರು ಒಂಬತ್ತು ಹತ್ತು ಪಟ್ಟು ಒತ್ತಡವನ್ನು ತಾಳುತ್ತದೆ.

ಕೋಸ್ಟಾ ಗಂಡು ಸಹ ಬಾಲದಿಂದಲೇ ನುಡಿಸುತ್ತದೆ, ಆದರೆ ಕ್ರಮ ಬೇರೆ. ಅದು ಹೆಣ್ಣಿನ ನೇರಕ್ಕೆ ಬಾರದೆ ಒಂದು ಪಕ್ಕದಲ್ಲಿ ಧುಮುಕುತ್ತದೆ, ಬಾಲದ ಒಂದು ಪಾರ್ಶ್ವವನ್ನು ಹೆಣ್ಣಿನ ಕಡೆಗೆ ಹೊರಳಿಸುತ್ತದೆ. ವೇಗವಾಗಿ ಸಮೀಪಿಸುವ ವಸ್ತುವಿನ ಸದ್ದು ಏರಿ, ದೂರವಾದಾಗ ಇಳಿಯುವುದನ್ನು ನಾವು ರೈಲಿನ ಸೀಟಿಯಲ್ಲಿ ಕೇಳಿರುತ್ತೇವೆ. ಪಕ್ಕದಿಂದ ಧುಮುಕುವುದರಿಂದ ಕೋಸ್ಟಾದ ಸ್ವರದಲ್ಲಿ ಆ ಏರಿಳಿತ ಬಹಳ ಮಟ್ಟಿಗೆ ಅಳಿಸಿಹೋಗುತ್ತದೆ ಎಂದು ಕ್ಲಾರ್ಕ್ ಮತ್ತು ಸಹೋದ್ಯೋಗಿ 2018ರಲ್ಲಿ ತೋರಿಸಿಕೊಟ್ಟರು. ಎಂದರೆ ಹೆಣ್ಣು ಸ್ವರವನ್ನು ಕೇಳಿ ಗಂಡಿನ ವೇಗವನ್ನು ಅಳೆಯಲಾರದು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಎರಡೂ ಪ್ರಭೇದಗಳಲ್ಲಿ ಬಾಲದ ಸದ್ದು ಆಯಾ ಗಂಡಿನ ಗಂಟಲಿನ ಹಾಡಿನ ಒಂದು ಭಾಗವನ್ನು ಹೋಲುತ್ತದೆ: ಆನಾದ ಕರಕರ ಹಾಡಿನ ನಡುವೆ ಆ ಚಿರ್ಪ್ ಇದೆ, ಕೋಸ್ಟಾದ ಎಳೆದ ಸಣ್ಣ ಸೀಟಿಯೇ ಅದರ ಬಾಲದಲ್ಲೂ ಇದೆ. ಗಂಟಲಿನ ಹಾಡನ್ನು ಆನಾ ಹುಟ್ಟುತ್ತಲೇ ತರುವುದಿಲ್ಲ, ಹಿರಿಯ ಗಂಡುಗಳನ್ನು ಕೇಳಿ ಕಲಿಯುತ್ತದೆ. ಹೀಗೆ ಕಲಿತು ಹಾಡುವ ಶಕ್ತಿ ಹಕ್ಕಿಗಳಲ್ಲಿ ಹಾಡುಹಕ್ಕಿಗಳು, ಗಿಳಿಗಳು ಮತ್ತು ಹಮ್ಮಿಂಗ್‌ಬರ್ಡ್‌ಗಳಲ್ಲಿ ಮುಖ್ಯವಾಗಿ ಕಂಡುಬಂದಿದೆ. ಬಾಲದ ಸದ್ದನ್ನು ಕಲಿಯಬೇಕಿಲ್ಲ, ಗರಿಯ ರಚನೆಯೇ ಅದನ್ನು ನಿರ್ಧರಿಸುತ್ತದೆ. ಎರಡು ಬೇರೆ ಅಂಗಗಳು ಒಂದೇ ಸ್ವರಕ್ಕೆ ಬಂದು ನಿಂತಿರುವುದು ವಿಕಾಸವಾದಿಗಳಿಗೆ ಈಗಲೂ ಆಳವಾದ ಪ್ರಶ್ನೆ, ಮತ್ತು ಎರಡೇ ಪ್ರಭೇದಗಳ ಈ ಪುಟ್ಟ ಕುಲ ಇಷ್ಟೊಂದು ಅಧ್ಯಯನಕ್ಕೆ ಒಳಗಾಗಲು ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಮನುಷ್ಯರ ಪಾತ್ರ ಇಲ್ಲವೇ ಎಂದರೆ, ಇದೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಆನಾ ಗೂಡು ಕಟ್ಟುತ್ತಿದ್ದುದು ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗದಿಂದ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯವರೆಗೆ ಮಾತ್ರ. ಆಸ್ಟ್ರೇಲಿಯಾದಿಂದ ತಂದು ನೆಟ್ಟ ಯೂಕಲಿಪ್ಟಸ್, ಅಂದರೆ ನಾವು ನೀಲಗಿರಿ ಎನ್ನುವ ಮರ, ಚಳಿಗಾಲದಲ್ಲಿ ಹೂಬಿಡುತ್ತದೆ. ಊರುಗಳು ಬೆಳೆದು ತೋಟಗಳೂ ಸಕ್ಕರೆ ನೀರಿನ ಪಾತ್ರೆಗಳೂ ಹೆಚ್ಚಿದವು. ಅವುಗಳ ಆಸರೆಯಲ್ಲಿ ಆನಾ ಉತ್ತರಕ್ಕೆ ಒರೆಗಾನ್, ವಾಷಿಂಗ್ಟನ್ ದಾಟಿ ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗೆ, ಪೂರ್ವಕ್ಕೆ ಅರಿಜೋನಾದವರೆಗೆ ಹಬ್ಬಿದೆ. ವ್ಯಾಂಕೂವರ್ ನಗರ 2017ರಲ್ಲಿ ಇದನ್ನೇ ತನ್ನ ನಗರಪಕ್ಷಿಯಾಗಿ ಆರಿಸಿಕೊಂಡಿತು. ಕೋಸ್ಟಾಕ್ಕೆ ಹೀಗೆ ಒಗ್ಗಿಕೊಳ್ಳಲು ಅಷ್ಟಾಗಿ ಆಗಿಲ್ಲ. ಎರಡನ್ನೂ ಸದ್ಯಕ್ಕೆ ಅಳಿವಿನಂಚಿನ ಹಕ್ಕಿಗಳೆಂದು ಪರಿಗಣಿಸಿಲ್ಲವಾದರೂ, ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯ ಕುರುಚಲು ಕಾಡು ಮನೆ ಬಡಾವಣೆಗಳಿಗೆ ಬಹುಪಾಲು ಬಲಿಯಾಗಿರುವುದರಿಂದ ನನಗೆ ಹೆಚ್ಚು ಚಿಂತೆಯಿರುವುದು ಕೋಸ್ಟಾದ ಬಗ್ಗೆ. ನಿಮ್ಮ ತಮ್ಮನವರು ತೋಟದಲ್ಲಿ ಒಂದು ಚುಪರೋಸಾ ನೆಟ್ಟರೆ ಹತ್ತು ಪಾತ್ರೆಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ ಎಂದು ನಾನು ನಂಬುತ್ತೇನೆ. ನಿಮಗೆ ಫ್ರೀಮಾಂಟಿನಲ್ಲಿ ಮ್ಯಾಂಜನೀಟಾ ಮತ್ತು ಸ್ಥಳೀಯ ಕರಂಟ್ ಸರಿಹೊಂದುತ್ತವೆ.

ನಿಮ್ಮ ಅತ್ತೆಯವರು ನೋಡುವುದು ಹಮ್ಮಿಂಗ್‌ಬರ್ಡ್ ಅಲ್ಲ. ಮುನ್ನೂರಕ್ಕೂ ಮೀರಿದ ಹಮ್ಮಿಂಗ್‌ಬರ್ಡ್ ಪ್ರಭೇದಗಳೆಲ್ಲವೂ ಅಮೆರಿಕ ಖಂಡಗಳಿಗೆ ಸೀಮಿತ. ಮೈಸೂರಿನ ದಾಸವಾಳಕ್ಕೆ ಬರುವುದು ಸೂರಕ್ಕಿ. ಮಕರಂದ ಹೀರುವ ಬದುಕಿನಿಂದಾಗಿ ಕೊಕ್ಕು ಮತ್ತು ಹೊಳಪು ಒಂದೇ ಬಗೆಯಲ್ಲಿ ರೂಪುಗೊಂಡಿವೆಯೇ ಹೊರತು ನಂಟಿಲ್ಲ. ಸೂರಕ್ಕಿ ಹೆಚ್ಚಾಗಿ ರೆಂಬೆ ಹಿಡಿದು ಕುಳಿತು ಹೂವಿಗೆ ಕೊಕ್ಕಿಡುತ್ತದೆ, ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಹೀರಿ ಹಿಮ್ಮುಖವಾಗಿಯೂ ಹಾರುತ್ತದೆ. ಅದರ ಹತ್ತಿರದ ಬಂಧುಗಳು ಬಾನಾಡಿಗಳು, ಅಂದರೆ ಇಂಗ್ಲಿಷಿನಲ್ಲಿ ಸ್ವಿಫ್ಟ್ ಎನ್ನುವ ಹಕ್ಕಿಗಳು.

ಇನ್ನು ಬೆಲ್ಲ ಮತ್ತು ಜೇನುತುಪ್ಪದ ಮಾತು. ಎರಡೂ ಬೇಡ. ನಮಗೆ ಬೆಲ್ಲ ಹಿತವೆನಿಸುವುದು ಅದರಲ್ಲಿ ಉಳಿದಿರುವ ಕಬ್ಬಿಣ ಮತ್ತಿತರ ಖನಿಜಗಳಿಂದ, ಆದರೆ ಹೂವಿನ ಮಕರಂದದಲ್ಲಿ ಕಬ್ಬಿಣ ತೀರ ಕಡಿಮೆಯಿರುವುದರಿಂದ ಈ ಹಕ್ಕಿಗಳ ದೇಹಕ್ಕೆ ಅದು ಹೊರೆಯಾಗುತ್ತದೆ. ನೀರು ಬೆರೆಸಿದ ಜೇನುತುಪ್ಪ ಬೇಗ ಹುಳಿತು ಬೂಷ್ಟು ಬೆಳೆಸುತ್ತದೆ. ಒಂದು ಅಳತೆ ಬಿಳಿ ಸಕ್ಕರೆಗೆ ನಾಲ್ಕು ಅಳತೆ ನೀರು ಸಾಕು. ಕೆಂಪು ಬಣ್ಣ ಬೆರೆಸಬೇಕಾಗಿಲ್ಲ, ಪಾತ್ರೆಯ ಕೆಂಪು ಭಾಗವೇ ಹಕ್ಕಿಯನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನಗಳಿಗೊಮ್ಮೆ, ಚಳಿಯಲ್ಲಿ ವಾರದೊಳಗೆ ನೀರು ಬದಲಿಸಿ, ಪಾತ್ರೆಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಅಷ್ಟು ಮಾಡಲು ಬಿಡುವಿಲ್ಲದಿದ್ದರೆ ಪಾತ್ರೆ ಇಡದಿರುವುದೇ ಮೇಲು.

ಕೊನೆಯದಾಗಿ, ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಮರಗಿಡಗಳನ್ನು ಸವರುವುದು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ, ಏಕೆಂದರೆ ಆಗ ಹಕ್ಕಿಗಳ ಗೂಡಿರುವುದಿಲ್ಲ ಎಂಬ ನಂಬಿಕೆಯಿದೆ. ಆನಾದ ವಿಷಯದಲ್ಲಿ ಅದು ತಪ್ಪು. ಮೊಟ್ಟೆ ಅಥವಾ ಮರಿಯಿರುವ ಗೂಡನ್ನು ಹಾಳುಮಾಡುವುದು 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಅಪರಾಧವೂ ಹೌದು. ಕತ್ತರಿ ಹಾಕುವ ಮುನ್ನ ಅರ್ಧ ತಾಸು ದೂರದಲ್ಲಿ ನಿಂತು, ಹೆಣ್ಣು ಹಕ್ಕಿಯೊಂದು ಪದೇ ಪದೇ ಒಂದೇ ರೆಂಬೆಗೆ ಹೋಗಿಬರುತ್ತಿದೆಯೇ ನೋಡಿ. ಹಾಗಿದ್ದರೆ ಆ ಮರವನ್ನು ಒಂದೂವರೆ ಎರಡು ತಿಂಗಳು ಹಾಗೆಯೇ ಬಿಡಿ, ಮರಿಗಳು ಹಾರಿದ ಮೇಲೆ ಸವರಿಸಿ.